ಹಾಲ್‌ಮಾರ್ಕ್ ಸಿನಿಮಾವೂ ಅಂಟಿಗೆ ಪಂಟಿಗೆಯೂ

ಅಕ್ಟೋಬರ್ ಮುಗಿಯುವ ಮೊದಲೇ ಡಬ್ಲ್ಯು ನೆಟ್‌ವರ್ಕ್ ಚಾನೆಲ್ಲಿನಲ್ಲಿ ಹಿಮ ಬೀಳತೊಡಗುತ್ತದೆ. ಕೆನಡಾದ ನಮ್ಮ ಸಂಘದಲ್ಲಿ ಆಗಿನ್ನೂ ದೀಪಾವಳಿ ಕಾರ್ಯಕ್ರಮದ ತಾಲೀಮು. ಒಂದು ಕಡೆ ಮಕ್ಕಳ ನೃತ್ಯಕ್ಕೆ ಉಡುಪು ಹೊಂದಿಸುವ ಚಿಂತೆ, ಇನ್ನೊಂದು ಕಡೆ ಟಿವಿಯಲ್ಲಿ ಕೆಂಪು ಕೋಟು ತೊಟ್ಟ ಹುಡುಗಿ ಸೂಟ್‌ಕೇಸ್ ಎಳೆದುಕೊಂಡು ತನ್ನೂರಿಗೆ ಬರುತ್ತಿರುತ್ತಾಳೆ. ಮುಂದಿನದು ನಮಗೆಲ್ಲ ಬಾಯಿಪಾಠ. ದೊಡ್ಡ ನಗರದ ದೊಡ್ಡ ಕೆಲಸ ಬಿಟ್ಟು ಕ್ರಿಸ್‌ಮಸ್ಸಿಗೆ ಬಂದವಳು. ಊರಿನಲ್ಲಿ ಮುಚ್ಚುವ ಸ್ಥಿತಿಗೆ ಬಂದ ಒಂದು ಬೇಕರಿಯೋ ಹಳೆಯ ಹೋಟೆಲ್ಲೋ. ಅದನ್ನು ಉಳಿಸಲು ಹೆಣಗುತ್ತಿರುವ ಒಬ್ಬ ಒಳ್ಳೆಯ ಹುಡುಗ. ಎಲ್ಲರೂ ಸೇರಿ ಕುಕ್ಕೀಸ್ ಮಾಡುತ್ತಾರೆ, ಊರ ನಡುವಿನ ಮರಕ್ಕೆ ದೀಪ ಹಚ್ಚುತ್ತಾರೆ, ನಡುವೆ ಒಂದು ತಪ್ಪು ತಿಳಿವಳಿಕೆ, ಕೊನೆಗೆ ಒಂದು ಮುತ್ತು, ಸರಿಯಾಗಿ ಅದೇ ಗಳಿಗೆಗೆ ಹಿಮ.

ನಮ್ಮ ಪಾಟ್‌ಲಕ್ ಊಟಗಳಲ್ಲಿ ಈ ಸಿನಿಮಾಗಳ ಮಾತು ಬಂದರೆ ನಗುವವರೇ ಹೆಚ್ಚು. ಒಂದನ್ನು ನೋಡಿದರೆ ಎಲ್ಲವನ್ನೂ ನೋಡಿದಂತೆ ಎನ್ನುತ್ತಾರೆ. ನಾನು ಇವನ್ನು ಇಷ್ಟಪಟ್ಟು ನೋಡುವವಳು. ನೋಡಿದ್ದನ್ನು ನಾಲ್ಕು ಜನರ ಮುಂದೆ ಬರೆಯಬೇಕು ಅನ್ನಿಸಿದ್ದು ಕಳೆದ ಚಳಿಗಾಲದಲ್ಲಿ ನನ್ನ ಮಗಳು ಕೇಳಿದ ಪ್ರಶ್ನೆಯಿಂದ.

ಈ ಚಿತ್ರಗಳ ಹಿಂದಿರುವ ಹಾಲ್‌ಮಾರ್ಕ್ ಮೂಲತಃ ಶುಭಾಶಯ ಪತ್ರಗಳ ಕಂಪನಿ. 1910ರಲ್ಲಿ ಜಾಯ್ಸ್ ಹಾಲ್ ಎಂಬ ಹದಿನೆಂಟರ ಹುಡುಗ ಎರಡು ಶೂ ಡಬ್ಬಿಗಳ ತುಂಬ ಪೋಸ್ಟ್‌ಕಾರ್ಡ್ ತುಂಬಿಕೊಂಡು ಕ್ಯಾನ್ಸಸ್ ಸಿಟಿಗೆ ಬಂದಿಳಿದು ವ್ಯಾಪಾರ ಶುರುಮಾಡಿದ. ಟಿವಿ ಇನ್ನೂ ಹೊಸದಾಗಿದ್ದ 1951ರ ಡಿಸೆಂಬರ್ 24ರ ರಾತ್ರಿ, ಅದೇ ಕಂಪನಿಯ ಪ್ರಾಯೋಜಕತ್ವದಲ್ಲಿ ಎನ್‌ಬಿಸಿ ವಾಹಿನಿ 'ಅಮಾಲ್ ಅಂಡ್ ದ ನೈಟ್ ವಿಸಿಟರ್ಸ್' ಎಂಬ ಆಪೆರಾ ಪ್ರಸಾರ ಮಾಡಿತು. ಟಿವಿಗೆಂದೇ ಜಾನ್ ಕಾರ್ಲೊ ಮೆನೊಟ್ಟಿ ರಚಿಸಿದ ಆಪೆರಾ ಅದು; ಮೂವರು ರಾಜರು ರಾತ್ರಿ ಬಡ ಹುಡುಗನೊಬ್ಬನ ಬಾಗಿಲು ತಟ್ಟುವ ಕಥೆ. ಹಾಲ್‌ಮಾರ್ಕ್ ಚಾನೆಲ್ 2001ರಲ್ಲಿ ಬಂತು. 2009ರಿಂದ 'ಕೌಂಟ್‌ಡೌನ್ ಟು ಕ್ರಿಸ್‌ಮಸ್' ಹೆಸರಿನಲ್ಲಿ ಹಬ್ಬದ ಚಿತ್ರಗಳ ಸಾಲು ಶುರುವಾಯಿತು. 2022ರ ಒಂದೇ ಹಂಗಾಮಿಗೆ 40 ಹೊಸ ಚಿತ್ರಗಳು. ಎರಡು ಮೂರು ವಾರದಲ್ಲಿ ಚಿತ್ರೀಕರಣ ಮುಗಿಸುತ್ತಾರೆ. ಜಾಹೀರಾತು ಸೇರಿ ಎರಡು ಗಂಟೆಗೆ ಅಳತೆಯಾಗಿ ಕೂರುವಂತೆ ಒಂದೂವರೆ ಗಂಟೆಯೊಳಗೆ ಕಥೆ ಹೇಳುತ್ತಾರೆ.

ಇವುಗಳಲ್ಲಿ ಬಹಳಷ್ಟು ಹುಟ್ಟುವುದು ನಾವಿರುವ ಈ ಕೆನಡಾದಲ್ಲಿ. ಬ್ರಿಟಿಷ್ ಕೊಲಂಬಿಯಾದಲ್ಲಿ, ನಮ್ಮ ಒಂಟಾರಿಯೊದಲ್ಲಿ. ಅಮೆರಿಕದ ಡಾಲರ್ ಇಲ್ಲಿ ಹೆಚ್ಚು ಬಾಳುತ್ತದೆ, ಸರ್ಕಾರಗಳು ತೆರಿಗೆಯಲ್ಲಿ ಹಣ ಮರಳಿಸುತ್ತವೆ. ಒಟ್ಟಾವಾದಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯ ಆಲ್ಮಾಂಟ್ ಊರನ್ನು ನಮ್ಮ ಸದಸ್ಯರಲ್ಲಿ ನೋಡದವರಿಲ್ಲ. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೇಸ್ಮಿತ್ ಹುಟ್ಟಿದ ಊರು. ಒಂದು ಕಾಲಕ್ಕೆ ಉಣ್ಣೆ ಗಿರಣಿಗಳಿಂದ ಬದುಕಿದ ಊರು. ಗಿರಣಿಗಳು ನಿಂತುಹೋದವು, ಕಲ್ಲಿನ ಕಟ್ಟಡಗಳು ಉಳಿದವು. ಆ ಕಲ್ಲಿನ ಬೀದಿಯೇ ಎಷ್ಟೋ ಕ್ರಿಸ್‌ಮಸ್ ಸಿನಿಮಾಗಳಲ್ಲಿ ನಾಯಕಿ ಹುಟ್ಟಿ ಬೆಳೆದ ಅಮೆರಿಕದ ಪುಟ್ಟ ಊರಾಗಿ ಕಾಣಿಸಿಕೊಂಡಿದೆ.

ಒಮ್ಮೆ ಬೇಸಿಗೆಯ ಸುಡುಬಿಸಿಲಲ್ಲಿ ಅಲ್ಲಿಗೆ ಹೋದಾಗ ಮಿಲ್ ಸ್ಟ್ರೀಟಿನಲ್ಲಿ ಚಿತ್ರೀಕರಣ ನಡೆದಿತ್ತು. ಅಂಗಡಿ ಬಾಗಿಲುಗಳಿಗೆ ಹಸಿರು ಮಾಲೆ, ಅಂಚುಗಳಿಗೆಲ್ಲ ಬಿಳಿ ಹೊದಿಕೆ, ಅದರ ಮೇಲೆ ಕಾಗದದ ಹಿಮ. ಉಣ್ಣೆಯ ಕೋಟು, ಮಫ್ಲರ್ ತೊಟ್ಟವರು ಶಾಟ್ ಮುಗಿದೊಡನೆ ನೆರಳಿಗೆ ಓಡಿ ನೀರು ಕುಡಿಯುತ್ತಿದ್ದರು. ಮಗಳು ಐಸ್‌ಕ್ರೀಂ ಕೈಯಲ್ಲಿ ಹಿಡಿದು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಇದೆಲ್ಲ ಸುಳ್ಳು ಅಂತ ಅವಳಿಗೆ ಅನ್ನಿಸಲೇ ಇಲ್ಲ. "ಹಬ್ಬಕ್ಕೆ ಈಗಲೇ ರೆಡಿ ಮಾಡ್ತಿದ್ದಾರೆ" ಅಂದಳು.

ಅದರ ಮುಂದಿನ ಡಿಸೆಂಬರಿನಲ್ಲಿ ನಮ್ಮ ಅತ್ತೆ ಇಲ್ಲಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು. ತಂದೆ ತಾಯಿಯರಿಗೆ ಕೊಡುವ ಸೂಪರ್ ವೀಸಾದಲ್ಲಿ ಬಂದವರಿಗೆ ಚಳಿಗಾಲದಲ್ಲಿ ಕಿಟಕಿ ಬಿಟ್ಟರೆ ಟಿವಿ. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಸಂಜೆ ಮೊಮ್ಮಗಳ ಜೊತೆ ಕೂತು ಈ ಸಿನಿಮಾಗಳನ್ನು ಕೊನೆತನಕ ನೋಡುತ್ತಿದ್ದರು, ಕಥೆ ಪೂರ್ತಿ ಅರ್ಥವಾಗುತ್ತಿತ್ತು. ಅವರಿಗೆ ಹಿಡಿಸಿದ್ದು ಪ್ರೇಮಪ್ರಕರಣವಲ್ಲ. "ಈ ಮನೆಗಳಲ್ಲಿ ಅಜ್ಜಿಯನ್ನ ಮೂಲೇಲಿ ಕೂರಿಸಲ್ಲ ಕಣೇ. ಹಿಟ್ಟು ಕಲೆಸೋದಕ್ಕೂ ಅವಳನ್ನೇ ಕೇಳ್ತಾರೆ" ಎಂದು ನನಗೆ ಹೇಳಿದರು. ಆ ಮಾತು ನಿಜ. ಈ ಚಿತ್ರಗಳಲ್ಲಿ ಅಡುಗೆಯ ಗುಟ್ಟು ಅಜ್ಜಿಯ ಕೈಬರಹದಲ್ಲೇ ಇರುತ್ತದೆ, ಹಬ್ಬದ ಹದ ಗೊತ್ತಿರುವುದು ಅವಳಿಗೇ.

ಒಂದು ಸಂಜೆ ಮಗಳು ಪಕ್ಕದಲ್ಲಿ ಕೂತು ಅಜ್ಜಿಗೆ ಮುಂದಿನದನ್ನೆಲ್ಲ ಮೊದಲೇ ಹೇಳುತ್ತಿದ್ದಳು. ಈಗ ಗಿಡ ತರಕ್ಕೆ ಹೋಗ್ತಾರೆ, ಆಮೇಲೆ ಕುಕ್ಕೀಸ್, ಆಮೇಲೆ ಹಾಡ್ಕೊಂಡು ಹೋಗ್ತಾರೆ. ಅವಳು ಅಂದಂತೆಯೇ ಹತ್ತು ಹನ್ನೆರಡು ಜನ ಕೈಯಲ್ಲಿ ಲಾಟೀನು ಹಿಡಿದು, ಹಿಮದಲ್ಲಿ ಮನೆಯಿಂದ ಮನೆಗೆ ಹೋಗಿ ಬಾಗಿಲ ಮುಂದೆ ನಿಂತು ಹಾಡಿದರು. ಬಾಗಿಲು ತೆರೆಯಿತು. ಮನೆಯವರು ಅವರಿಗೆಲ್ಲ ಬಿಸಿ ಬಿಸಿ ಕುಡಿಯಲು ಕೊಟ್ಟರು.

ಅತ್ತೆ ಶಾಲು ಸರಿಸಿ ಮುಂದಕ್ಕೆ ಬಾಗಿದರು. "ಇದು ನಮ್ಮ ಅಂಟಿಗೆ ಪಂಟಿಗೆ ಅಲ್ಲನೇ ಮಾರಾಯ್ತಿ!"

ನಾನು ಮೈಸೂರಿನವಳು, ಹೆಸರು ಕೇಳಿದ್ದೆ, ಕಂಡಿರಲಿಲ್ಲ. ಅತ್ತೆ ಮೊಮ್ಮಗಳಿಗೆ ಹೇಳಿದ್ದನ್ನು ನಾನೂ ಕೂತು ಕೇಳಿದೆ. ದೀಪಾವಳಿಯ ಮೊದಲ ದಿನ ನೀರು ತುಂಬುವುದು. ಹಂಡೆ ತೊಳೆದು, ಬಳ್ಳಿ ಸುತ್ತಿ, ಹೊಸ ನೀರು ತುಂಬಬೇಕು. ಮಾರನೆಯ ದಿನ ಬೆಳಕು ಹರಿಯುವ ಮೊದಲು ಎಣ್ಣೆಸ್ನಾನ. ಅಮಾವಾಸ್ಯೆಗೆ ಲಕ್ಷ್ಮೀಪೂಜೆ. ಪಾಡ್ಯದ ದಿನ ಗೋಪೂಜೆ. ದನಗಳ ಕೊರಳಿಗೆ ಅಡಿಕೆ, ಪಚ್ಚೆತೆನೆ, ಚೆಂಡು ಹೂವಿನ ಸರ. ಅವತ್ತು ರಾತ್ರಿ ಊರ ದೇವರ ಮುಂದೆ ಹಚ್ಚಿಕೊಂಡ ದೀಪ ಹಿಡಿದು ಅಂಟಿಗೆ ಪಂಟಿಗೆಯವರು ಬರುತ್ತಾರೆ. ಕತ್ತಲಲ್ಲಿ ತೋಟ ಗದ್ದೆ ದಾಟಿ, ಬೆಳಗಿನವರೆಗೆ, ಒಂದೊಂದು ಮನೆಗೂ. ಬಾಗಿಲು ತೆಗೆಸುವುದಕ್ಕೆ ಒಂದು ಹಾಡು, ದೀಪ ಕೊಡುವುದಕ್ಕೆ ಒಂದು, ಎಣ್ಣೆ ಎರೆಯುವುದಕ್ಕೆ ಒಂದು. ಅವರ ದೀಪದಿಂದ ಮನೆಯ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳಿಸುತ್ತಾರೆ. ದಾರಿಯಲ್ಲಿ ದೀಪ ಆರಬಾರದು.

"ನಿನ್ನಪ್ಪ ಸಣ್ಣವನಿದ್ದಾಗ ಅವರ ಹಿಂದೆ ಹೊರಟುಬಿಡ್ತಿದ್ದ" ಅಂದರು ಅತ್ತೆ.

ಮಗಳು ಸಿನಿಮಾ ಮರೆತಳು. "ಅಂದ್ರೆ ನಮ್ಮೂರಲ್ಲೂ ಕ್ಯಾರಲಿಂಗ್ ಇದೆ. ಮತ್ತೆ ನಾವು ಯಾಕಮ್ಮ ಮಾಡಲ್ಲ? ನಮ್ಮ ದೀಪಾವಳೀಲಿ ಯಾವಾಗ ಏನು ಬರುತ್ತೆ ಅಂತ ನನಗೆ ಗೊತ್ತೇ ಇಲ್ಲ."

ಅವಳಿಗೆ ಕ್ರಿಸ್‌ಮಸ್ಸಿನ ಕ್ರಮ ಗೊತ್ತಿದೆ. ನಾವು ಕ್ರೈಸ್ತರಲ್ಲ, ನಮ್ಮ ಮನೆಯಲ್ಲಿ ಯಾರೂ ಅದನ್ನು ಕಲಿಸಿದವರಿಲ್ಲ. ಕಲಿಸಿದ್ದು ಈ ಸಿನಿಮಾಗಳು. ಅದದೇ ಕಥೆಯನ್ನು ಅದದೇ ಕ್ರಮದಲ್ಲಿ ಮತ್ತೆ ಮತ್ತೆ ಹೇಳಿ ಕಲಿಸಿದವು. ಎಲ್ಲರೂ ಇವುಗಳ ದೋಷವೆಂದು ಎಣಿಸುವ ಈ ಪುನರಾವರ್ತನೆಯನ್ನೇ ನಾನು ಇವುಗಳ ದೊಡ್ಡ ಗುಣವೆಂದು ನಂಬುತ್ತೇನೆ. ಪ್ರತಿವರ್ಷ ಹೊಸದಾಗಿರಲಿ ಎಂದು ಹಬ್ಬವನ್ನು ಯಾರೂ ಕೇಳುವುದಿಲ್ಲ. ಹೋದ ವರ್ಷದಂತೆಯೇ ಇರಲಿ ಎಂದೇ ಕೇಳುತ್ತೇವೆ. ಇದಾದ ಮೇಲೆ ಅದು ಎಂದು ಮಗುವಿಗೆ ಮೊದಲೇ ಗೊತ್ತಿದ್ದಾಗ ಮಾತ್ರ ಅದು ಹಬ್ಬಕ್ಕಾಗಿ ಕಾಯುತ್ತದೆ. ಗೊತ್ತಿಲ್ಲದ್ದಕ್ಕೆ ಯಾರೂ ಕಾಯುವುದಿಲ್ಲ.

ಇವುಗಳ ಕೊರತೆಗಳನ್ನೂ ನಾನು ಮುಚ್ಚಿಡುವುದಿಲ್ಲ. ಕ್ರಿಸ್‌ಮಸ್ ಚಿತ್ರದಲ್ಲಿ ಕ್ರಿಸ್ತನ ಹೆಸರು ಅಪರೂಪ, ಅಂಗಡಿ ಮತ್ತು ಅಲಂಕಾರ ಧಾರಾಳ. ಕಾರ್ಡು, ಮರದ ಅಲಂಕಾರದ ಸಾಮಾನು ಮಾರುವ ಕಂಪನಿಯ ಚಿತ್ರಗಳಲ್ಲವೆ. ಬಹುಕಾಲ ಬಿಳಿಯರದೇ ಕಥೆಗಳಿದ್ದವು. ಈಚೆಗೆ ಕಪ್ಪು ಜನರ, ಏಷ್ಯಾದವರ ಮನೆಗಳು ಬಂದಿವೆ. 2020ರ 'ದ ಕ್ರಿಸ್‌ಮಸ್ ಹೌಸ್' ಒಂದು ಸಲಿಂಗಿ ದಂಪತಿಯನ್ನು ಮನೆಯ ಮಕ್ಕಳಂತೆಯೇ ತೋರಿಸಿತು. ಯಹೂದಿಗಳ ಹನುಕ್ಕಾ ಹಬ್ಬದ ಕಥೆಗಳೂ ಬರುತ್ತಿವೆ. 2023ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ನಾರ್ವೆಯ 'ಕ್ರಿಸ್‌ಮಸ್ ಆ್ಯಸ್ ಯೂಶುವಲ್' ಚಿತ್ರದಲ್ಲಿ ಮನೆಗೆ ಬರುವ ಭಾವೀ ಅಳಿಯ ಭಾರತೀಯ. ಆ ಪಾತ್ರ ಮಾಡಿದವರು ಬೆಂಗಳೂರಿನ ಹಾಸ್ಯಗಾರ ಕನನ್ ಗಿಲ್. ಅದನ್ನು ನೋಡಿದಾಗ ಹೆಮ್ಮೆಯಾಯಿತು. ಜೊತೆಗೇ ಕಳವಳವೂ ಆಯಿತು. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಕ್ರಮವಿದೆ, ಹುಡುಗಿಯ ತಾಯಿ ಅದನ್ನು ಬಿಟ್ಟುಕೊಡುವುದಿಲ್ಲ, ಕಲಿಯಬೇಕಾದವನು ನಮ್ಮವನು. ನಾಳೆ ನಮ್ಮ ಮನೆಗೆ ಬೇರೆ ನಾಡಿನ ಅಳಿಯನೋ ಸೊಸೆಯೋ ಬಂದಾಗ, ಹೀಗೆ ಮಾಡಬೇಕು, ಇದಾದ ಮೇಲೆ ಇದು ಎಂದು ಕಲಿಸುವಷ್ಟು ಗಟ್ಟಿಯಾದ ಹಬ್ಬ ನಮ್ಮ ಮಕ್ಕಳ ಕೈಯಲ್ಲಿ ಇರುತ್ತದೆಯೇ?

ಊರಿಗೆ ಮರಳಿದವಳಿಗೆ ಎಲ್ಲವೂ ಹಾಗೆಯೇ ಕಾದಿರುತ್ತದೆ ಎನ್ನುವ ಇವುಗಳ ಭರವಸೆಯನ್ನು ನಾನು ಒಪ್ಪಲಾರೆ. ಸಿದ್ದಲಿಂಗಯ್ಯನವರ 1972ರ 'ಬಂಗಾರದ ಮನುಷ್ಯ'ದಲ್ಲಿ ಹಳ್ಳಿಗೆ ಬಂದು ಬಂಜರನ್ನು ಹಸನು ಮಾಡಿದ ರಾಜೀವನೇ ಕೊನೆಗೆ ಮನೆ ಬಿಟ್ಟು ನಡೆಯುತ್ತಾನೆ. ನಮ್ಮ ಸಿನಿಮಾ ಆ ಸತ್ಯವನ್ನು ಅಂದೇ ಹೇಳಿತ್ತು. ಅತ್ತೆಯ ಊರಿನಲ್ಲೂ ಈಗ ಎಷ್ಟೋ ಮನೆಗಳಲ್ಲಿ ಇಬ್ಬರೇ ಮುದುಕರು, ಮಕ್ಕಳು ಬೆಂಗಳೂರಿನಲ್ಲಿ, ಇಲ್ಲ ನಮ್ಮ ಹಾಗೆ ಹೊರಗೆ. ಅಂಟಿಗೆ ಪಂಟಿಗೆ ಹಾಡುವವರು ಕಡಿಮೆಯಾಗಿದ್ದಾರೆ ಎಂದು ಅವರೇ ಹೇಳಿದರು. ಊರು ನಮಗಾಗಿ ಕ್ರಮವನ್ನು ಕಾದಿಟ್ಟಿರುತ್ತದೆ, ಹೋದಾಗ ಮಕ್ಕಳಿಗೆ ತೋರಿಸಿದರಾಯಿತು ಎಂದುಕೊಂಡಿದ್ದರೆ, ಆ ಕಾಲ ಕೈಮೀರುತ್ತಿದೆ.

ನಮ್ಮ ಸಂಘದ ದೀಪಾವಳಿಯ ಬಗ್ಗೆ ನನಗೆ ಹೆಮ್ಮೆಯಿದೆ. ಬಿಡುವಿಲ್ಲದ ಜನ ಸೇರಿ ವಾರಗಟ್ಟಲೆ ದುಡಿಯುತ್ತೇವೆ. ಶಾಲೆಯ ಸಭಾಂಗಣ ತುಂಬುತ್ತದೆ, ಊಟಕ್ಕೆ ಹೋಳಿಗೆ ಇರುತ್ತದೆ, ಮಕ್ಕಳು ಚೆಂದಾಗಿ ಕುಣಿಯುತ್ತಾರೆ. ಆದರೆ ಹೋದ ಸಲ ಮನೆಗೆ ಬಂದು ಮಗಳ ಬಳೆ ಬಿಚ್ಚುವಾಗ, ಅವಳಿಗೆ ಇವತ್ತು ಹಬ್ಬ ಬಂದು ಹೋಯಿತು ಎಂದು ಅನ್ನಿಸಿದೆಯೇ ಎಂಬ ಅನುಮಾನ ಬಂತು. ಅವಳ ನೆನಪಿನಲ್ಲಿ ಉಳಿದದ್ದು ಒಂದು ಕಾರ್ಯಕ್ರಮ. ಶನಿವಾರಕ್ಕೆ ಜಾರಿದ ಹಬ್ಬ, ಬೆಂಕಿಯ ನಿಯಮಕ್ಕಾಗಿ ಬ್ಯಾಟರಿಯ ದೀಪ, ವರ್ಷಕ್ಕೊಂದು ಹೊಸ ಸಿನಿಮಾ ಹಾಡು. ಪ್ರತಿವರ್ಷ ಬದಲಾಗದೆ ಉಳಿದಿರುವುದು ಕೊನೆಯ ವಂದನಾರ್ಪಣೆಯೊಂದೇ.

ಹಾಗಾದರೆ ಯಾವ ಕ್ರಮ ಹಿಡಿಯೋಣ? ಮಲೆನಾಡಿನವರು ಅಂಟಿಗೆ ಪಂಟಿಗೆ ಎನ್ನುತ್ತಾರೆ. ಉತ್ತರ ಕರ್ನಾಟಕದ ಗೆಳತಿಗೆ ಹೇಳಿದಾಗ ದನಕರುಗಳಿಗೆ ದೀಪ ಬೆಳಗುತ್ತ ಮನೆಮನೆಗೆ ಬರುವ ಆಣೀ ಪೀಣಿಯ ಹುಡುಗರನ್ನು ನೆನೆದಳು. ಕರಾವಳಿಯವರು ಗದ್ದೆಯ ಅಂಚಿನಲ್ಲಿ ನಿಂತು ಬಲೀಂದ್ರನನ್ನು ಕೂಗಿ ಕರೆಯುತ್ತಾರೆ. ಮೈಸೂರಿನ ನನಗೆ ಇವು ಯಾವುವೂ ಬಾಲ್ಯದ ನೆನಪಲ್ಲ. ಒಂದನ್ನು ಆರಿಸಿಕೊಂಡರೆ ಉಳಿದವರ ಹಬ್ಬ ಎಲ್ಲಿ ಹೋಗಬೇಕು? ಎಲ್ಲವನ್ನೂ ವೇದಿಕೆಗೆ ತಂದರೆ ಅದು ಮತ್ತೆ ಕಾರ್ಯಕ್ರಮವೇ ಆದೀತು. ನವೆಂಬರಿನ ಚಳಿಯಲ್ಲಿ, ಒಂದು ಮನೆಯಿಂದ ಇನ್ನೊಂದಕ್ಕೆ ಇಪ್ಪತ್ತು ನಿಮಿಷದ ಡ್ರೈವ್ ಇರುವಾಗ ಆರದ ದೀಪವನ್ನು ಒಯ್ಯುವುದು ಹೇಗೆ? ನನ್ನ ಬಳಿ ಉತ್ತರವಿಲ್ಲ. ಇಷ್ಟನ್ನು ಮಾತ್ರ ನಂಬಿದ್ದೇನೆ: ಏನನ್ನೇ ಹಿಡಿಯಲಿ, ಅದನ್ನೇ ಹಿಡಿಯೋಣ. ಮುಂದಿನ ವರ್ಷ ಬದಲಿಸುವುದು ಬೇಡ. ಮಕ್ಕಳಿಗೆ ಬೇಸರ ಬಂದೀತು ಎಂದು ಅಂಜುವುದು ಬೇಡ. ಕಥೆ ಮೊದಲೇ ಗೊತ್ತಿದ್ದೂ ಅವರು ಆ ಸಿನಿಮಾಗಳ ಮುಂದೆ ಕೂರುತ್ತಾರೆ ಎಂಬುದನ್ನು ನಾವೇ ನೋಡುತ್ತಿದ್ದೇವಲ್ಲ.

ನಮ್ಮ ಸದಸ್ಯರಲ್ಲಿ, ಇಲ್ಲಿಗೆ ಬಂದಿರುವ ತಂದೆ ತಾಯಿಯರಲ್ಲಿ, ಮನೆಮನೆಗೆ ಹೋಗಿ ಹಾಡುವ ಹಬ್ಬದ ಹಾಡು ಯಾವ ಸೀಮೆಯದಾದರೂ ಸರಿ, ಬಲ್ಲವರಿದ್ದರೆ ದಯವಿಟ್ಟು ಸಮಿತಿಗೆ ತಿಳಿಸಿ. ಈ ಸಲ ಬಲಿಪಾಡ್ಯಮಿ ವಾರದ ನಡುವೆ ಬಂದರೂ ಸರಿ, ಅದೇ ಸಂಜೆ ನಾಲ್ಕು ಮನೆಗಳಿಗಾದರೂ ಹೋಗಿಬರೋಣ. ಮೊದಲು ನಮ್ಮ ಮನೆಗೆ ಬನ್ನಿ.