ಅಗೆದವನ ಸಾಲ

ಒಬ್ಬನು ಇಟ್ಟಿಗೆಯ ಮಣ್ಣಿಗಾಗಿ ನೆರೆಯವನ ಹೊಲವನ್ನು ಒಂದು ವರುಷಕ್ಕೆ ಗುತ್ತಿಗೆ ಹಿಡಿದನೆಂದು ಎಣಿಸಿರಿ. ಮಣ್ಣನ್ನು ತೆಗೆದು, ಇಟ್ಟಿಗೆಯನ್ನು ಸುಟ್ಟು ಮಾರಿ, ಗುಂಡಿಯನ್ನು ಹಾಗೆಯೇ ಬಿಟ್ಟು ಹೋದನು. ಮಳೆಗಾಲದಲ್ಲಿ ಬದುವು ಕುಸಿದು ಕೆಳಗಣ ಮೂವರ ಪೈರು ಕೆಟ್ಟಿತು. "ಗುತ್ತಿಗೆಯ ಹಣವನ್ನು ಕೊಟ್ಟಿದ್ದೇನೆ, ನನ್ನ ಲೆಕ್ಕ ತೀರಿತು" ಎಂದು ಅವನು ಹೇಳಿದರೆ ಊರ ಹಿರಿಯರು ಒಪ್ಪುವರೋ?

ಇದೇ ಪ್ರಶ್ನೆಯು ನಮ್ಮ ಸೀಮೆಯಲ್ಲಿ ದೊಡ್ಡದಾಗಿ ಎದ್ದಿತು. 1980ರ ದಶಕದಲ್ಲಿ, ಹರಿಹರದ ಎದುರು ದಡದ ಕುಮಾರಪಟ್ಟಣದ ಕಾರ್ಖಾನೆಯ ಕೊಳೆನೀರು ತುಂಗಭದ್ರೆಯನ್ನು ಕೆಡಿಸುತ್ತದೆಂದು ಹೋರಾಡಿದವರು ಸಮಾಜ ಪರಿವರ್ತನ ಸಮುದಾಯದವರು. ಅವರೇ 2009ರಲ್ಲಿ, ಇದೇ ಹೊಳೆಯ ಕೆಳಸೀಮೆಯಾದ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರಿನ ಗಣಿಗಳ ವಿಷಯವಾಗಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅಲ್ಲಿ ಗುಡ್ಡಗಳು ಬಗೆಯಲ್ಪಟ್ಟಿದ್ದವು. ಕೆಂದೂಳು ಪೈರಿನ ಮೇಲೆ ಕೂತಿತ್ತು. ಮಳೆಗೆ ಕೊಚ್ಚಿಬಂದ ಮಣ್ಣು ಹಳ್ಳಕೆರೆಗಳಲ್ಲಿ ಹೂಳಾಗಿ ನಿಂತಿತ್ತು.

2011ರ ಜುಲೈ 29ರಂದು ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನ ಪ್ರಕಾರ, ಬಹಳವಾಗಿ ಗಡಿ ಮೀರಿದವರ ಗುತ್ತಿಗೆಗಳು ರದ್ದಾದವು. ಅವರಿಗಿಂತ ಕಡಮೆ ಮೀರಿದವರು, ಹೊರಗೆ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿಯನ್ನೂ, ಹೊರಗೆ ಮಣ್ಣು ಸುರಿದ ನೆಲಕ್ಕೆ ಹೆಕ್ಟೇರಿಗೆ 1 ಕೋಟಿಯನ್ನೂ ಕೊಡಬೇಕಾಯಿತು. ಗಣಿಯನ್ನು ಮತ್ತೆ ತೆರೆಯಬೇಕಾದರೆ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆಯನ್ನು ನಡಿಸುವದೂ ಅವಶ್ಯವಾಯಿತು.

"ಹೀಗೆ ಹೊರೆ ಹೊರಿಸಿದರೆ ಕಬ್ಬಿಣವು ತುಟ್ಟಿಯಾಗದೋ? ಕೂಲಿಯವನ ಅನ್ನವು ಹೋಗದೋ?" ಎಂದು ಕೆಲವರು ಕೇಳುತ್ತಾರೆ. ಇದು ಹಗುರವಾದ ಮಾತಲ್ಲ. ಗಣಿಗಳು ನಿಂತಾಗ ಕೂಲಿಯವರೂ ಲಾರಿಯವರೂ ಕಷ್ಟಪಟ್ಟರು. ಆದರೆ ಆ ಖರ್ಚನ್ನು ಕೋರ್ಟು ಹುಟ್ಟಿಸಲಿಲ್ಲ. ಅದು ಗುಡ್ಡವನ್ನು ಅಗೆದ ದಿನವೇ ಹುಟ್ಟಿತು. ಅಗೆದವನು ಕೊಡದೆ ಇದ್ದದ್ದರಿಂದ, ಹೂಳು ತುಂಬಿದ ಕೆರೆಯ ಕೆಳಗಿನ ಒಕ್ಕಲಿಗನು ಚೀಟಿಯೂ ರಸೀತಿಯೂ ಇಲ್ಲದೆ ಅದನ್ನು ತೆರುತ್ತಿದ್ದನು. ಆದಕಾರಣ ನೆಲವನ್ನು ಸರಿಪಡಿಸುವ ಹಣವು ಕಂಪೆನಿಯವರ ಧರ್ಮವಲ್ಲ, ಸಾಲ. ಸಾಲವನ್ನು ತೆಗೆದಿಡದೆ ಎಣಿಸಿದ ಲಾಭವು ಲಾಭವೇ ಅಲ್ಲ.

ಇನ್ನೊಂದು ಮಾತುಂಟು. ಗಣಿಗಳಿಂದ ಬಂದ ಹಣದಿಂದ ಆ ಸೀಮೆಯನ್ನು ಸುಧಾರಿಸುವದಕ್ಕಾಗಿ 2014ರಲ್ಲಿ ಸರಕಾರವು ಒಂದು ನಿಗಮವನ್ನು ಸ್ಥಾಪಿಸಿತು. ಸಾವಿರಾರು ಕೋಟಿ ಕೂಡಿದರೂ ವರುಷಗಟ್ಟಲೆ ಕೆಲಸ ಸಾಗಲಿಲ್ಲ. 2022ರಲ್ಲಿ ಕೋರ್ಟು ನಿವೃತ್ತ ನ್ಯಾಯಮೂರ್ತಿ ಸುದರ್ಶನ ರೆಡ್ಡಿಯವರನ್ನು ಮೇಲ್ವಿಚಾರಣೆಗೆ ನೇಮಿಸಬೇಕಾಯಿತು. ಹಣವು ಬ್ಯಾಂಕಿನಲ್ಲಿದ್ದ ಮಾತ್ರಕ್ಕೆ ಕೆರೆಯ ಹೂಳು ಏಳುವದಿಲ್ಲ. ಸಾಲವು ತೀರುವದು ರೂಪಾಯಿ ಕಟ್ಟಿದ ದಿನವಲ್ಲ, ನೀರು ತಿಳಿಯಾದ ದಿನ.

ನಮ್ಮ ನೇಗಿಲಿನ ಕುಳವೂ ಮನೆಯ ಚಿಲಕವೂ ಯಾವದೋ ಗುಡ್ಡದಿಂದ ಬಂದವು. ನ್ಯಾಯವಾದ ಬೆಲೆಯು ಎರಡು ಕಾಸು ಹೆಚ್ಚಾದರೆ ನಾವು ಗೊಣಗುವೆವೋ? ನಮ್ಮ ಕೊಟ್ಟಿಗೆಯ ಕೊಚ್ಚೆಯನ್ನು ನೆರೆಯವನ ಕಾಲುವೆಗೆ ತಿರುಗಿಸಿ, ಗಣಿಯವರನ್ನು ದೂರುವೆವೋ? ಪ್ರತಿಯೊಬ್ಬನು ತನ್ನ ಬಾಗಲಿನಿಂದ ಈ ಲೆಕ್ಕವನ್ನು ಆರಂಭಿಸಲಿ.