ಶೆಲ್ಫಿನ ಮೇಲಿನ ಐರಾಣಿ

ಬೆಂಗಳೂರಿನ ನಮ್ಮ ಫ್ಲ್ಯಾಟಿನ ಪುಸ್ತಕದ ಶೆಲ್ಫಿನ ಮೇಲೆ ಒಂದು ಐರಾಣಿ ಗಡಿಗೆ ಇದೆ. ಭಾಲ್ಕಿ ಕಡೆಯ ಸಾಯಗಾಂವದಲ್ಲಿ ಕಾಕನ ಮಗಳ ಮದುವೆ ಮುಗಿದ ಮೇಲೆ ಎತ್ತಿಕೊಂಡು ಬಂದದ್ದು. ಮದುವೆಗೆ ಮುಂಚೆ ಬಾಜಾ ಸಮೇತ ಕುಂಬಾರರ ಮನೆಗೆ ಹೋಗಿ, ಸುಣ್ಣ, ಕೆಮ್ಮಣ್ಣಿನಲ್ಲಿ ಗೆರೆ ಬರೆದ ಗಡಿಗೆಗಳನ್ನು ಹೊತ್ತು ತರ್ತಾರಲ್ಲ, ಅವುಗಳಲ್ಲೊಂದು.

ಮೊನ್ನೆ ಕಾಕಿ ಬಂದಿದ್ದಳು. ನೋಡಿದವಳೇ, "ಏ ತಮ್ಮಾ, ಇದು ನೋಡಲಾಕ ಮಾಡಿದ್ದಲ್ಲೋ" ಅಂದಳು.

"ಚಂದ ಅದಲ್ಲ ಕಾಕಿ."

"ಚಂದ ಅದ. ಅದಕ್ಕ ಅದರ ಬಾಯಾಗ ಪೆನ್ನು ತುರಕೀದೇನು?"

ನನಗೆ ಪೆರುವಿನ ನಾಸ್ಕಾ ಗಡಿಗೆಗಳು ನೆನಪಾದವು. ಸುಮಾರು ಎರಡು ಸಾವಿರ ವರ್ಷದ ಹಿಂದಿನವು. ಕುಂಬಾರರ ಚಕ್ರವೇ ಇಲ್ಲದ ನಾಡಿನಲ್ಲಿ ಕೈಯಿಂದಲೇ ಕಟ್ಟಿ, ಸುಡುವ ಮೊದಲೇ ಬಣ್ಣದ ಮಣ್ಣು ಬಳಿದು, ಒಂದೊಂದರ ಮೇಲೂ ಹಕ್ಕಿ, ಮೀನು, ಮುಖವಾಡ ತೊಟ್ಟ ದೇವತೆ. ಎಷ್ಟೋ ಗಡಿಗೆಗಳು ಸತ್ತವರ ಜೊತೆ ಮಣ್ಣಿಗೆ ಹೋದವು. ಯುರೋಪಿನ ಮ್ಯೂಸಿಯಂಗಳಿಗೆ ಅಂಥ ಕೆಲವು ಮೊದಲೇ ಬಂದು ಕೂತಿದ್ದವು, ಎಲ್ಲಿಯವು ಅಂತ ಮಾತ್ರ ಯಾರಿಗೂ ಗೊತ್ತಿರಲಿಲ್ಲ. 1901ರಲ್ಲಿ ಮ್ಯಾಕ್ಸ್ ಊಲೆ ಇಕಾ ಕಣಿವೆಯಲ್ಲಿ ಗೋರಿ ಅಗೆದ ಮೇಲೆ ಊರು ತಿಳಿಯಿತು. ಆಮೇಲೆ ಕಳ್ಳರೂ ಅಗೆದರು, ಇನ್ನೂ ಹೆಚ್ಚು.

ಅಗೆಯದಿದ್ದರೆ ನಾನು ಅವನ್ನು ನೋಡುತ್ತಲೇ ಇರಲಿಲ್ಲ, ನಿಜ. ಮಾಡಿದವರನ್ನು ಕೇಳೋಣ ಅಂದರೆ ಅವರಿಲ್ಲ. ಆದರೆ ನನ್ನ ಗಡಿಗೆಗೆ ಗೆರೆ ಬರೆದವಳು ಸಾಯಗಾಂವದಲ್ಲೇ ಇದ್ದಾಳೆ. ಅವಳನ್ನು ನಾನು ಕೇಳಿದೆನಾ? ಹೆಸರೂ ಗೊತ್ತಿಲ್ಲ. ನಾವು ಕೊಟ್ಟದ್ದು ಕಾಳು, ಖಣ, ಒಂದಿಷ್ಟು ದಕ್ಷಿಣೆ: ಶಾಸ್ತ್ರಕ್ಕೆ ಸಲ್ಲುವಷ್ಟು. ಕಲೆ ಅಂತ ಶೆಲ್ಫಿಗೆ ಇಡೋದಾದರೆ ಕಲೆಯ ಬೆಲೆ ಕೊಡಬೇಕಿತ್ತಲ್ವಾ? ಶಾಸ್ತ್ರದ ರೇಟಿಗೆ ತಂದು ಕಲೆ ಅಂತ ಮೆರೆಸೋದು ನನಗೇ ಈಗ ಕಸಿವಿಸಿ. ಇನ್ನು ಬೆಲೆ ಕೊಟ್ಟಿದ್ದರೆ ಕಾಕಿಯ ಮಾತಿಗೆ ಉತ್ತರ ಆಗ್ತಿತ್ತಾ ಅಂದರೆ, ಅದೂ ಇಲ್ಲ. ಅವಳು ಕೇಳಿದ್ದು ದುಡ್ಡಿನ ಲೆಕ್ಕ ಅಲ್ಲ.

ಕಾಕಿಗೆ ನಾನು ಭಾಲ್ಕಿಯದೇ ಸಾಕ್ಷಿ ಕೊಟ್ಟೆ. ಹರಿಹರ ರಗಳೆ ಬರೆದನಲ್ಲ, ಆ ಕುಂಬಾರ ಗುಂಡಯ್ಯ ನಮ್ಮ ಭಾಲ್ಕಿಯವನೇ. ಅವನು ಗಡಿಗೆ ಬಡಿವ ತಾಳಕ್ಕೆ ಶಿವನೇ ಇಳಿದು ಬಂದು ಕುಣಿದನಂತೆ. ಶಿವನಿಗೂ ಚಂದ ಕಂಡಿತು, ನನಗೆ ಕಂಡರೆ ತಪ್ಪೇನು?

"ಕುಣದಾನ. ಗಡಿಗಿ ಎತ್ಕೊಂಡು ಕೈಲಾಸಕ್ಕ ಹೋಗಿಲ್ಲಲ್ಲ" ಅಂದಳು ಕಾಕಿ, ಚಹಾ ಸೋಸುತ್ತಾ.

ಪೆನ್ನುಗಳನ್ನು ತೆಗೆದಿದ್ದೇನೆ. ಗಡಿಗೆ ಇನ್ನೂ ಅಲ್ಲೇ ಇದೆ. ದೀಪಾವಳಿಗೆ ಊರಿಗೆ ಹೋದಾಗ ಕುಂಬಾರರ ಮನೆಗೆ ಹೋಗಬೇಕು. ಹೋಗಿ ಏನಂತ ಕೇಳೋದು, ಅದು ಇನ್ನೂ ಹೊಳೆದಿಲ್ಲ.