ತುತ್ತೂರಿ ಊದುವವನ ಹೆಸರೇನು?



ಜೇವರ್ಗಿ ತಾಲ್ಲೂಕಿನ ನೆಲೋಗಿಯ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. 2004ರಿಂದ 2006ರವರೆಗೆ ನಮ್ಮ ರಾಜ್ಯದ ಮುಖ್ಯಮಂತ್ರಿಯಾಗಿದ್ದ ದಿವಂಗತ ಧರ್ಮಸಿಂಗ್ ಅವರು ಹುಟ್ಟಿದ ಊರು ಅದು. ಒಬ್ಬ ಮಗನಿಂದಾಗಿ ಊರಿನ ಹೆಸರು ನಾಡಿಗೆಲ್ಲ ಗೊತ್ತಾಯಿತು. ತೊಗರಿ, ಜೋಳದ ರಾಶಿ ಮುಗಿದು ಮದುವೆಗಳು ಶುರುವಾದ ಮೇಲೆ ಆ ಕಡೆಯ ಯಾವುದಾದರೂ ಊರಿಗೆ ಹೋಗಿ ನೋಡಿ. ಹಂದರದ ಮುಂದೆ ಬ್ಯಾಂಡಿನವರು ನಿಂತಿರುತ್ತಾರೆ. ಮದುಮಗನ ಹೆಸರು ಲಗ್ನಪತ್ರಿಕೆಯಲ್ಲಿದೆ. ಆಯೇರಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಬಿಸಿಲಲ್ಲಿ ಕೆನ್ನೆ ಉಬ್ಬಿಸಿ ತುತ್ತೂರಿ ಊದುತ್ತಿರುವವನ ಹೆಸರೇನು? ಯಾರೂ ಕೇಳುವುದಿಲ್ಲ.

ಈ ಹೆಸರಿಲ್ಲದವನಿಂದ ನಮ್ಮ ವಿಶ್ವಾಸಕ್ಕೆ ಏನು ಪಾಠವಿದೆ ಎಂದು ಇಂದು ಯೋಚಿಸೋಣ. ಇವರಲ್ಲಿ ಅನೇಕರಿಗೆ ತುತ್ತೂರಿ ಹೊಟ್ಟೆಪಾಡಲ್ಲ. ವಾರದ ದಿನಗಳಲ್ಲಿ ಒಬ್ಬ ಕಲಬುರಗಿಯ ದಾಲ್ ಮಿಲ್ಲಿಗೆ ಹೋಗುತ್ತಾನೆ, ಇನ್ನೊಬ್ಬ ಹೊಲದಲ್ಲಿ ದುಡಿಯುತ್ತಾನೆ, ಮತ್ತೊಬ್ಬ ಗ್ಯಾರೇಜಿನಲ್ಲಿರುತ್ತಾನೆ. ತುತ್ತೂರಿ ಅವರ ಹವ್ಯಾಸ. ಹವ್ಯಾಸಿಯನ್ನು ಇಂಗ್ಲಿಷಿನಲ್ಲಿ ‘ಅಮೆಚೂರ್’ ಎನ್ನುತ್ತಾರೆ. ಆ ಪದದ ಬೇರು ಲ್ಯಾಟಿನ್ ಭಾಷೆಯ ‘ಅಮಾರೆ’, ಅಂದರೆ ಪ್ರೀತಿಸುವುದು. ಪ್ರೀತಿಗಾಗಿ ಮಾಡುವವನೇ ಹವ್ಯಾಸಿ. ಹಾಗೆ ನೋಡಿದರೆ ಪ್ರತಿಯೊಬ್ಬ ಕ್ರೈಸ್ತನೂ ಹವ್ಯಾಸಿಯೇ ಆಗಿರಬೇಕಲ್ಲವೇ?

ಮೊದಲು ಅವನ ಅಭ್ಯಾಸವನ್ನು ನೋಡಿ. ತುತ್ತೂರಿ ಎಂದರೆ ಸುತ್ತಿ ಮಡಚಿದ, ಸುಮಾರು ಒಂದೂವರೆ ಮೀಟರ್ ಉದ್ದದ ಹಿತ್ತಾಳೆಯ ಕೊಳವೆ. ಅದಕ್ಕೆ ಮೂರು ವಾಲ್ವ್‌ಗಳು. ಬರಿದೇ ಗಾಳಿ ಊದಿದರೆ ಅದು ನುಡಿಯುವುದಿಲ್ಲ. ಊದುವವನ ತುಟಿಗಳು ಅದುರಬೇಕು, ಆ ಅದುರು ಕೊಳವೆಯೊಳಗೆ ಹೋಗಿ ನಾದವಾಗಬೇಕು. ಆದ್ದರಿಂದ ಕಲಿಯುವವನು ಹಾಡಿಗೆ ಕೈಹಾಕುವ ಮುನ್ನ ಒಂದೇ ಸ್ವರವನ್ನು ಮೆಲ್ಲಗೆ, ಉದ್ದವಾಗಿ, ಉಸಿರು ಮುಗಿಯುವ ತನಕ ಹಿಡಿಯುತ್ತಾನೆ. ತಿಂಗಳುಗಟ್ಟಲೆ ಇದೇ ಕೆಲಸ. ಕೇಳುವವರಿಗೆ ಬೇಸರ. ನೆರೆಯವರು ಗೊಣಗಿದರೆ ಬಾಯಿಗೆ ಮ್ಯೂಟ್ ಎಂಬ ಬಿರಡೆ ಸಿಕ್ಕಿಸಬೇಕು, ಇಲ್ಲವೇ ಹೊಲದ ಬದುವಿಗೆ ಹೋಗಬೇಕು. ಒಂದು ವಾರ ಬಿಟ್ಟರೆ ತುಟಿ ಸಡಿಲಾಗುತ್ತದೆ. ಎತ್ತರದ ಸ್ವರ ಬರಲಿಲ್ಲವೆಂದು ವಾದ್ಯವನ್ನು ತುಟಿಗೆ ಒತ್ತಿದರೆ ತುಟಿಗೇ ಪೆಟ್ಟು. ಬಲ್ಲವರು ಹೇಳುವುದು ಒಂದೇ ಮಾತು: ಊದಿದಷ್ಟು ಹೊತ್ತು ವಿಶ್ರಾಂತಿಯನ್ನೂ ಕೊಡು.

ನಮ್ಮ ಪ್ರಾರ್ಥನೆಯ ಜೀವನವೂ ಹೀಗೆಯೇ ಅಲ್ಲವೇ? ಹಬ್ಬದ ದಿನದ ಒಂದು ದೊಡ್ಡ ಸ್ವರದಿಂದ ಯಾರೂ ಭಕ್ತರಾಗುವುದಿಲ್ಲ. ದಿನವೂ ಮನೆಯಲ್ಲಿ, ಯಾರೂ ಮೆಚ್ಚದಿದ್ದರೂ, ಹಿಡಿಯುವ ಆ ಒಂದು ಸಣ್ಣ ಸ್ವರ ಬೇಕು. ಜಪಸರ ಮುಗಿಸಲು ಅವಸರಪಟ್ಟು ಒತ್ತಿ ಒತ್ತಿ ಹೇಳುವವರು ನಡುವೆ ಮೌನಕ್ಕೂ ಸ್ಥಳ ಕೊಡಲಿ. ಇನ್ನೂ ಒಂದು ಮಾತಿದೆ. ತುತ್ತೂರಿಗೆ ತನ್ನದೆಂಬ ಉಸಿರಿಲ್ಲ. ಊದುವವನಿಂದ ಅದು ಬರಬೇಕು. ಊದುವವನಿಗಾದರೂ ಉಸಿರು ತನ್ನದೇ? ಮಣ್ಣಿನಿಂದ ಮಾಡಿದ ಮಾನವನ ಮೂಗಿನೊಳಗೆ ದೇವರು ಜೀವಶ್ವಾಸವನ್ನು ಊದಿದರೆಂದು ಆದಿಕಾಂಡ ಹೇಳುತ್ತದೆ. ಇಬ್ಬರ ಉಸಿರೂ ಕಡ ತಂದದ್ದೇ.

ಇನ್ನು ವಾದ್ಯದ ವಿಷಯ. ನಮ್ಮ ದೇಶದ ಬ್ಯಾಂಡುಗಳ ಹಿತ್ತಾಳೆ ವಾದ್ಯಗಳನ್ನು ತಯಾರಿಸುವುದಕ್ಕೆ ಉತ್ತರ ಪ್ರದೇಶದ ಮೀರತ್ ನಗರದ ಜಲಿ ಕೋಠಿ ಎಂಬ ಬಡಾವಣೆ ಹೆಸರಾಗಿದೆ. ಹೊರದೇಶದ ತುತ್ತೂರಿಗಳು ಇನ್ನೂ ದುಬಾರಿ. ಹವ್ಯಾಸಿಯ ಕಣ್ಣು ಸದಾ ಹೊಸ ವಾದ್ಯದ ಮೇಲೆ, ಹೊಸ ಮೌತ್‌ಪೀಸ್ ಮೇಲೆ. ಒಳ್ಳೆಯ ವಾದ್ಯ ಬಯಸುವುದು ತಪ್ಪಲ್ಲ. ಆದರೆ ಮಕ್ಕಳ ಶಾಲೆಯ ಫೀಸಿನ ದುಡ್ಡು ಅದಕ್ಕೆ ಹೋಗಬಾರದು. ಮನೆಯಾಕೆಯ ಸಂಗಡ ಕೂತು ಮಾತನಾಡಿ ಕೊಂಡ ಹಳೆಯ ತುತ್ತೂರಿ, ಅವಳಿಗೆ ತಿಳಿಯದಂತೆ ಸಾಲ ಮಾಡಿ ತಂದ ಹೊಸದಕ್ಕಿಂತ ಇಂಪಾಗಿ ನುಡಿಯುತ್ತದೆ.

ವಾದ್ಯ ಹೊರಗೆ ಎಷ್ಟೇ ಥಳಥಳಿಸಲಿ, ಊದಿದ ಉಸಿರಿನ ತೇವ ಒಳಗೆ ನೀರಾಗಿ ನಿಲ್ಲುತ್ತದೆ. ಅದನ್ನು ಹೊರಬಿಡಲು ಒಂದು ಸಣ್ಣ ಕೀಲಿ ಇದೆ. ಅದನ್ನು ಒತ್ತಿ ನೀರು ಬಿಡದಿದ್ದರೆ ನಾದ ಗೊರಗೊರ ಎನ್ನುತ್ತದೆ. ವಾಲ್ವ್‌ಗೆ ಎಣ್ಣೆ ಬಿಡದಿದ್ದರೆ ಅದು ಸಿಕ್ಕಿಕೊಳ್ಳುತ್ತದೆ. ಪಾತ್ರೆಯ ಹೊರಗನ್ನು ತೊಳೆದು ಒಳಗನ್ನು ಬಿಟ್ಟ ಫರಿಸಾಯರಿಗೆ ಯೇಸುಸ್ವಾಮಿ ಹೇಳಿದ ಮಾತು ನೆನಪಿಗೆ ಬರುವುದಿಲ್ಲವೇ? ಒಳಗೆ ನಿಂತ ನೀರನ್ನು ಹೊರಬಿಡಲು ಧರ್ಮಸಭೆ ನಮಗೂ ಪಾಪನಿವೇದನೆಯ ಸಂಸ್ಕಾರವನ್ನು ಕೊಟ್ಟಿದೆ. ಅದನ್ನು ಕಡೆಯದಾಗಿ ಬಳಸಿದ್ದು ಯಾವಾಗ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಲಿ.

ಮೂರನೆಯದು, ಹೊರಗೆ ಹೋಗಿ ನುಡಿಸುವುದು. ಪವಿತ್ರ ಗ್ರಂಥದಲ್ಲಿ ಎರಡು ಬಗೆಯ ತುತ್ತೂರಿಗಳಿವೆ. ಸಂಖ್ಯಾಕಾಂಡದ ಹತ್ತನೆಯ ಅಧ್ಯಾಯದಲ್ಲಿ ಬೆಳ್ಳಿಯ ತಗಡಿನಿಂದ ಎರಡು ತುತ್ತೂರಿ ಮಾಡಿಸುವಂತೆ ಸರ್ವೇಶ್ವರ ಮೋಶೆಗೆ ಹೇಳುತ್ತಾರೆ. ಜನರನ್ನು ಒಟ್ಟುಗೂಡಿಸಲು, ಪಾಳೆಯ ಹೊರಡಿಸಲು, ಹಬ್ಬದ ಸಂತೋಷಕ್ಕೆ ಅವು ಬೇಕಾಗಿದ್ದವು. ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಬರುವ ತುತ್ತೂರಿ ಬೇರೆ. ಅದು ದಾನ ಕೊಡುವವನು ತನ್ನ ಹೆಸರಿಗಾಗಿ ಬೀದಿಯಲ್ಲಿ ಊದಿಸಿಕೊಳ್ಳುವ ತುತ್ತೂರಿ. ಮೊದಲನೆಯದು ಜನರನ್ನು ದೇವರ ಮುಂದೆ ಕೂಡಿಸುತ್ತದೆ, ಎರಡನೆಯದು ಅವರ ಕಣ್ಣನ್ನು ನನ್ನ ಕಡೆ ತಿರುಗಿಸುತ್ತದೆ. ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯದ ಕಸ್ತೂರಿಯನ್ನು ನಾವೆಲ್ಲ ಶಾಲೆಯಲ್ಲಿ ಕಂಡಿದ್ದೇವೆ. ತನ್ನಲ್ಲಿ ಮಾತ್ರ ತುತ್ತೂರಿ ಇದೆಯೆಂದು ಮೆರೆದ ಆ ಹುಡುಗನ ವಾದ್ಯ ಕೊಳದ ನೀರಿಗೆ ಬಿದ್ದು ಬಣ್ಣ ಕಳೆದುಕೊಂಡಿತು. ಹವ್ಯಾಸಿಗೆ ಮಾತ್ರವಲ್ಲ, ಪೀಠದ ಮುಂದೆ ಹಾಡುವವರಿಗೂ, ಪ್ರಬೋಧನೆ ಕೊಡುವ ನಮಗೂ ಆ ಕೊಳ ದೂರವಿಲ್ಲ.

ಬ್ಯಾಂಡಿನ ತರುಣರೇ, ನಿಮಗೆ ಒಂದು ಮಾತು. ಶನಿವಾರ ರಾತ್ರಿಯ ಮೆರವಣಿಗೆಯಲ್ಲಿ ಯಾರೋ ಪ್ರೀತಿಯಿಂದ ನೀಡುವ ಗ್ಲಾಸು, ಭಾನುವಾರದ ಬಲಿಪೂಜೆಯನ್ನೂ ಸೋಮವಾರದ ಕೂಲಿಯನ್ನೂ ಒಟ್ಟಿಗೆ ನುಂಗಿಬಿಡುತ್ತದೆ. ಊರನ್ನೆಲ್ಲ ಕುಣಿಸಿದವನ ಮನೆಯಲ್ಲಿ ಮಕ್ಕಳು ಅತ್ತುಕೊಂಡು ಮಲಗಿದರೆ ಆ ನಾದದಿಂದ ಯಾರಿಗೆ ಏನು ಬಂತು? ಪ್ರೀತಿಯಿಲ್ಲದ ಮಾತು ಬರಿಯ ಹಿತ್ತಾಳೆಯ ಸದ್ದು ಎಂದು ಸಂತ ಪೌಲರು ಕೊರಿಂಥದವರಿಗೆ ತಿಳಿಸಿದ್ದು ಇದನ್ನೇ.

ಮದುವೆ ಮಾಡಿಸುವ ಹಿರಿಯರೇ, ನಿಮಗೂ ಒಂದು ಮಾತಿದೆ. ಹಲಗೆ, ಸನಾದಿ, ಬಾಜಾ ಬಜಂತ್ರಿಯ ಕೆಲಸವನ್ನು ನಮ್ಮ ನಾಡಿನಲ್ಲಿ ಬಹುಕಾಲ ಜಾತಿಗೆ ಕಟ್ಟಿಹಾಕಿದ್ದರು. ವಾದ್ಯ ಎಲ್ಲರ ಮುಂದೆ, ವಾದ್ಯದವನು ಎಲ್ಲರ ಹಿಂದೆ. ಬೀಗರ ಪಂಕ್ತಿ, ನೆಂಟರ ಪಂಕ್ತಿ ಎದ್ದ ಮೇಲೆ ಉಳಿದದ್ದು ಅವನಿಗೆ. ಕ್ರೈಸ್ತರ ಮನೆಯಲ್ಲೂ ಹೀಗೆ ನಡೆದರೆ ನಮ್ಮ ಪರಮಪ್ರಸಾದಕ್ಕೆ ಏನರ್ಥ? ಚಿನ್ನದ ಉಂಗುರದವನಿಗೆ ಮುಂದಿನ ಆಸನ ಕೊಟ್ಟು ಬಡವನನ್ನು ನಿಲ್ಲಿಸುವ ಸಭೆಯನ್ನು ಸಂತ ಯಾಕೋಬರ ಪತ್ರ ನೇರವಾಗಿ ಖಂಡಿಸುತ್ತದೆ. ಒಂದೇ ರೊಟ್ಟಿಯಲ್ಲಿ ಪಾಲುಗೊಂಡು ಬಂದವರು ಹಂದರದಲ್ಲಿ ಎರಡು ಪಂಕ್ತಿ ಹಾಕುವಂತಿಲ್ಲ.

ಹೆಸರಿಲ್ಲದೆ ಊದಿದವರು ಹಳ್ಳಿಗಳಲ್ಲಿ ಮಾತ್ರ ಇರಲಿಲ್ಲ. ಗೋವೆಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಸ್ವರಲಿಪಿ ಕಲಿತ ಎಷ್ಟೋ ಕಥೋಲಿಕ ತರುಣರು ಮುಂಬಯಿಗೆ ಹೋಗಿ ಹಿಂದಿ ಚಿತ್ರಗೀತೆಗಳಿಗೆ ವಾದ್ಯ ನುಡಿಸಿದರು. ಆಲ್ಡೋನಾ ಊರಿನ ಚಿಕ್ ಚಾಕಲೇಟ್ ಅವರಂಥ ಕೆಲವು ತುತ್ತೂರಿಗಾರರ ಹೆಸರು ಉಳಿಯಿತು. ಉಳಿದವರಲ್ಲಿ ಹೆಚ್ಚಿನವರ ಹೆಸರು ಪರದೆಯ ಮೇಲೆ ಬರಲೇ ಇಲ್ಲ. ಅವರ ಉಸಿರು ಮಾತ್ರ ಇಂದಿಗೂ ರೇಡಿಯೊದಲ್ಲಿ ಕೇಳುತ್ತದೆ.

ತುತ್ತೂರಿಯ ನಾದಕ್ಕೆ ಇರುವ ಶಕ್ತಿ ಎಂಥದ್ದೆಂದು ತಿಳಿಯಬೇಕಾದರೆ ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ಓದಿ. ಐವತ್ತನೆಯ ವರ್ಷ ನಾಡಿನಲ್ಲೆಲ್ಲ ಕೊಂಬು ಊದಬೇಕು. ಮಾರಿಹೋದ ಹೊಲ ಮರಳಬೇಕು. ಜೀತಕ್ಕೆ ಹೋದವನು ಮನೆಗೆ ಬರಬೇಕು. ‘ಜೂಬಿಲಿ’ ಎಂಬ ಮಾತೇ ಟಗರಿನ ಕೊಂಬನ್ನು ಸೂಚಿಸುವ ಹೀಬ್ರೂ ಪದದಿಂದ ಬಂದದ್ದು. ಧರ್ಮಸಭೆ 2000ದಲ್ಲೂ 2025ರಲ್ಲೂ ಆಚರಿಸಿದ ಜೂಬಿಲಿಯ ಬೇರು ಅದೇ. 1742ರ ಏಪ್ರಿಲ್ 13ರಂದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹ್ಯಾಂಡೆಲ್ ಅವರ ‘ಮೆಸ್ಸಾಯ’ ಕೃತಿಯ ಮೊದಲ ಪ್ರದರ್ಶನವಾಯಿತು. ಕಡೆಯ ತುತ್ತೂರಿ ಮೊಳಗಿ ಸತ್ತವರು ಏಳುವರೆಂಬ ಸಂತ ಪೌಲರ ಬೋಧನೆಗೆ ಅದರಲ್ಲಿ ತುತ್ತೂರಿಯೊಡನೆ ಹಾಡುವ ಭಾಗವೊಂದಿದೆ. ಆ ಪ್ರದರ್ಶನದ ಹಣ ಆಸ್ಪತ್ರೆಗಳಿಗೂ ಸಾಲಗಾರ ಕೈದಿಗಳ ಬಿಡುಗಡೆಗೂ ಹೋಯಿತು. 142 ಮಂದಿ ಸೆರೆಯಿಂದ ಹೊರಬಂದರು. ಮಳೆ ಕೈಕೊಟ್ಟು ಸಾಲದಲ್ಲಿ ಮುಳುಗುವ ರೈತರಿರುವ ನಮ್ಮ ಸೀಮೆಗೆ ಇದಕ್ಕಿಂತ ಒಳ್ಳೆಯ ಸಂಗೀತ ಯಾವುದು? ನಿಮ್ಮ ಮನೆಯ ಮದುವೆಯ ಖರ್ಚಿನಲ್ಲಿ ಒಂದು ಪಾಲು ಒಬ್ಬ ನೆರೆಯವನ ಸಾಲಕ್ಕೆ ಹೋದರೆ, ಆ ಮೆರವಣಿಗೆಯಲ್ಲಿ ಮೊಳಗಿದ್ದು ಜೂಬಿಲಿಯ ತುತ್ತೂರಿಯೇ.

ಆ ಕಡೆಯ ತುತ್ತೂರಿ ಮೊಳಗುವಾಗ ನಮ್ಮನ್ನು ಕರೆಯುವ ಕುರಿಗಾಹಿಗೆ ತನ್ನ ಪ್ರತಿಯೊಂದು ಕುರಿಯ ಹೆಸರೂ ಗೊತ್ತು. ಲಗ್ನಪತ್ರಿಕೆಯಲ್ಲಿ ಬಾರದ ಹೆಸರು ಅಲ್ಲಿ ತಪ್ಪುವುದಿಲ್ಲ. ಹಾಗಾದರೆ ನಾವು ಈಗಲೇ ಆ ಹೆಸರನ್ನು ಕೇಳಿ ತಿಳಿದುಕೊಳ್ಳಬಾರದೇಕೆ? ಈ ಸಲ ನಿಮ್ಮ ಮನೆಯ ಮದುವೆಗೋ ಧರ್ಮಕೇಂದ್ರದ ಹಬ್ಬಕ್ಕೋ ಬ್ಯಾಂಡಿನವರು ಬಂದಾಗ ಮನೆಯ ಯಜಮಾನನೇ ಎದ್ದು ಹೋಗಲಿ. ಹೆಸರು ಕೇಳಲಿ. ಬಿಸಿಲಲ್ಲಿ ನಿಂತವರಿಗೆ ನೀರು ಕೊಡಲಿ. ಒಪ್ಪಿದ ಕೂಲಿಯನ್ನು ಅಂದೇ ಎಣಿಸಿ ಕೈಗೆ ಇಡಲಿ. ಮೊದಲ ಪಂಕ್ತಿ ಕೂರುವ ಹೊತ್ತಿಗೆ ಅವರ ಕೈಯಿಂದ ವಾದ್ಯ ಇಳಿಸಿ, “ಅಣ್ಣಾರ, ಮೊದಲ ನೀವು ಬಂದು ಊಟಕ್ಕ ಕೂಡ್ರಿ” ಎನ್ನಲಿ. ಅಷ್ಟು ಹೊತ್ತು ಹಂದರ ಮೌನವಾಗಿದ್ದರೂ ಚಿಂತೆಯಿಲ್ಲ.